ಜುಲೈ ತಿಂಗಳ ಗಾಳಿಪಟದ ಸರಳು

ಕಾದ ಕಾವಲಿ ಮುಟ್ಟಿ ಹೇಳ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬಿಕೆ ಬರದವರು ವಡೋದರಾಕ್ಕೆ ಹೋಗಿ ಗೋರ್ವಾ ಸ್ಟೇಷನ್ನಿನಲ್ಲಿ ವಿಚಾರಿಸಿ. ಇಂಥದ್ದೇನೂ ನಡೆದೇ ಇಲ್ಲ ಅಂತಾರೆ. ಪೊಲೀಸರು ಅಷ್ಟು ಗಟ್ಟಿಯಾಗಿ ಇಲ್ಲ ಅಂದ ಮೇಲೆ ನಡೆದಿರಲೇ ಬೇಕಲ್ಲ.

2025ರ ಜುಲೈ ಎಂಟು, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಉಡುಪಿ ಹೋಟೆಲಿನ ಪದ್ಮನಾಭರು ಸ್ಟೇಷನ್ನಿಗೆ ಬಂದ್ರು. ಮಳೆಗೆ ಪಂಚೆ ಮೊಣಕಾಲ ತನಕ ಒದ್ದೆ. ಇನ್‌ಸ್ಪೆಕ್ಟರ್ ಯಶವಂತ್ ಎದ್ದು ಕುರ್ಚಿ ಕೊಟ್ರು. ಯಶವಂತ್ ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ, ಅಪ್ಪ ಅಲ್ಲಿ ಉಪಗ್ರಹ ಮಾಡುವ ಆಫೀಸಿನಲ್ಲಿದ್ರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಗುಜರಾತಿ, ಬೈಗುಳ ಮಾತ್ರ ಹಿಂದಿಯಲ್ಲಿ. ಗೋರ್ವಾಕ್ಕೆ ಬಂದು ಮೂರು ವರ್ಷ. ಅಷ್ಟೂ ದಿನ ಬೆಳಗಿನ ತಿಂಡಿ ಪದ್ಮನಾಭರಲ್ಲೇ.

"ನಮ್ಮ ಅನಂತರಾಮನಿಗೆ ಗಾಡಿ ಹೊಡೆದಿದೆ ಮಾರಾಯ," ಅಂದ್ರು ಪದ್ಮನಾಭರು. "ಬಲಗೈ ಮುರಿದಿದೆ."

ಯಶವಂತ್ ಪೆನ್ನು ಕೆಳಗಿಟ್ರು. ಅನಂತರಾಮ ಅಂದ್ರೆ ಆ ಹೋಟೆಲಿನ ದೋಸೆ ಭಟ್ಟ. ಅವನ ಪೇಪರ್ ದೋಸೆ ಎಷ್ಟು ತೆಳು ಅಂದ್ರೆ, ಒಬ್ಬ ಸೇಠ್ ಕನ್ನಡಕ ಮರೆತು ಬಂದವನು ದೋಸೆ ಎತ್ತಿ ಹಿಡಿದು ಅದರ ಮೂಲಕವೇ ಷೇರು ಬಜಾರಿನ ಪುಟ ಓದಿದ್ದ. ಆ ದಿನ ಲಾಭವೂ ಮಾಡಿದ್ದ.

"ಯಾವ ಗಾಡಿ ಅಂಕಲ್?"

"ಕರೆಂಟ್ ಸ್ಕೂಟರ್. ನಂಬರ್ ಪ್ಲೇಟ್ ಇಲ್ಲ. ಹೊಡೆದು ಹೋಯ್ತು."

"ನೀವು ನೋಡಿದ್ರಾ?"

"ನಾನೆಲ್ಲಿ ನೋಡ್ತೇನೆ? ನಾನು ಬೆಳಿಗ್ಗೆ ಏಳಕ್ಕೆ ಕಾಯಿ ತರ್ಲಿಕ್ಕೆ ಹೋಗ್ತಿದ್ದೆ. ಬಸ್‌ಸ್ಟಾಪಿನ ಹತ್ರ ಬಿದ್ದಿದ್ದ. ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದೆ. ನೀನು ಅಪರಿಚಿತ ವಾಹನ ಅಂತ ಬರೆ. ಗುರುತಿಲ್ಲದ ಗಾಡಿ ಆದ್ರೆ ಸರ್ಕಾರವೇ ಕೊಡ್ತದಂತಲ್ಲ?"

"ಕೊಡ್ತದೆ. ಆದ್ರೆ ಹುಡುಕಿ ಸಿಗದಿದ್ರೆ ಮಾತ್ರ."

"ಹುಡುಕೋದು ಬೇಡ, ಪಾಪ. ನಿಮಗೂ ನೂರೆಂಟು ಕೆಲಸ."

ಪೊಲೀಸರ ಮೇಲೆ ಇಷ್ಟು ಕನಿಕರ ಇರುವ ದೂರುದಾರನನ್ನು ಯಶವಂತ್ ಅದೇ ಮೊದಲು ನೋಡಿದ್ದು. ಎಫ್‌ಐಆರ್ ಆಯ್ತು. ಅಜಾಗರೂಕ ಚಾಲನೆ, ಅದರಿಂದ ತೀವ್ರ ಗಾಯ. ಆರೋಪಿ: ಅಪರಿಚಿತ.

ಮಧ್ಯಾಹ್ನ ಯಶವಂತ್ ಆಸ್ಪತ್ರೆಗೆ ಹೋದ್ರು. ಅನಂತರಾಮ ಐವತ್ತರ ಆಸುಪಾಸು, ಸಣಕಲು ಮನುಷ್ಯ. ಮಣಿಕಟ್ಟು ಎರಡು ಕಡೆ ಮುರಿದು, ಒಳಗೆ ಪ್ಲೇಟು ಕೂರಿಸಬೇಕು ಅಂದಿದ್ರು ಡಾಕ್ಟರು. ಮಂಚದ ಕೆಳಗೆ ಬಟ್ಟೆ ಚೀಲ. ಚೀಲದಿಂದ ಹಿಟ್ಟು ಹುಯ್ಯುವ ಸೌಟಿನ ಹಿಡಿ ಹೊರಗೆ ಇಣುಕ್ತಿತ್ತು.

"ಯಾರು ಹೊಡೆದದ್ದು?"

"ಹಿಂದಿನಿಂದ ಬಂತು ಸಾರ್. ನೋಡ್ಲಿಲ್ಲ."

"ಶಬ್ದ?"

"ಕರೆಂಟ್ ಗಾಡಿಗೆ ಎಂತ ಶಬ್ದ? ಬೆಕ್ಕು ಬಂದ ಹಾಗೆ ಬಂತು."

"ಬೇರೆ ಏನಾದ್ರೂ ಗೊತ್ತಾಯ್ತಾ?"

ಅನಂತರಾಮ ಫ್ಯಾನಿನ ಕಡೆ ಮುಖ ತಿರುಗಿಸಿದ. "ಎಂತ ಇಲ್ಲ."

"ಸೌಟು ಹಿಡ್ಕೊಂಡು ಎಲ್ಲಿಗೆ ಹೊರಟಿದ್ರಿ?"

"ಸೂರತ್. ಅಲ್ಲೇ ಹತ್ರ ಸಚಿನ್ ಅನ್ನುವ ಊರಿನಲ್ಲಿ ಒಂದು ಬಣ್ಣದ ಫ್ಯಾಕ್ಟರಿಯ ಕ್ಯಾಂಟೀನು. ಇಲ್ಲಿ ಬಿಟ್ಟೆ."

"ಯಾಕೆ?"

"ದೋಸೆ ಮೇಲೆ ಕ್ಯಾಬೇಜು, ಟೊಮೇಟೊ ಸಾಸು, ಚೀಸು ಹಾಕಿ, ಸುತ್ತಿ, ಕತ್ತರಿಸಿ, ನಿಲ್ಲಿಸಿ ಕೊಡು ಅಂದ್ರು ಧನಿಗಳು. ಗಿರಾಕಿ ಕೇಳ್ತಾರಂತೆ. ದೋಸೆ ಮಲಗಿಸ್ಲಿಕ್ಕೆ ಕಲಿತವ ನಾನು, ನಿಲ್ಲಿಸ್ಲಿಕ್ಕೆ ಅಲ್ಲ ಅಂದೆ. ಹಾಗಾದ್ರೆ ಹೋಗು ಅಂದ್ರು. ಹೊರಟೆ."

ಪದ್ಮನಾಭರ ದೂರಿನಲ್ಲಿ ಈ ಜಗಳದ ಸುದ್ದಿಯೇ ಇರಲಿಲ್ಲ. ಯಶವಂತ್ ಅದನ್ನು ಮನಸ್ಸಿನಲ್ಲಿ ಒಂದು ಮೂಲೆಗೆ ಇಟ್ರು.

"ಸಾರ್, ಈ ಕೈ ಸರಿಯಾಗಿ ತಿರುಗ್ಲಿಕ್ಕೆ ಆರು ತಿಂಗಳಂತೆ. ತಿರುಗದೆಯೂ ಇರಬಹುದಂತೆ. ಸಚಿನ್‌ನವರು ಆಗಲೇ ಬೇರೆಯವರನ್ನು ನೋಡ್ತೇವೆ ಅಂದ್ರು. ನನಗೆ ಎಂತ ದಾರಿ?"

ಯಶವಂತ್ ಸ್ಟೂಲು ಎಳ್ಕೊಂಡ್ರು. "ಮೂರು ದಾರಿ. ಗಾಡಿ ಸಿಗಲೇ ಇಲ್ಲ ಅಂದ್ರೆ ಸರ್ಕಾರದ ನಿಧಿಯಿಂದ ಐವತ್ತು ಸಾವಿರ, ಅಷ್ಟೇ. ಗಾಡಿ ಸಿಕ್ಕಿದ್ರೆ ಆಕ್ಸಿಡೆಂಟ್ ಟ್ರಿಬ್ಯುನಲ್. ಅಲ್ಲಿ ನಿಮ್ಮ ಸಂಬಳ, ಆಪರೇಷನ್, ಕೈ ಎಷ್ಟು ಕೆಲಸಕ್ಕೆ ಬರ್ತದೆ, ಎಲ್ಲ ನೋಡಿ ಪರಿಹಾರ ಕೊಡಿಸ್ತಾರೆ. ವಕೀಲರು ಬೇಗ ಅರ್ಜಿ ಹಾಕ್ಬೇಕು."

"ಮೂರನೇದು?"

"ಈ ಸ್ಕೂಟರುಗಳಲ್ಲಿ ನಿಧಾನದವು ಇವೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಮೇಲೆ ಓಡಲ್ಲ. ಅದಕ್ಕೆ ನಂಬರ್ ಬೇಡ, ಲೈಸೆನ್ಸ್ ಬೇಡ. ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಅಂಥದ್ದು ಹೊಡೆದಿದ್ರೆ ಟ್ರಿಬ್ಯುನಲ್ ಆಗಲ್ಲ, ಸಿವಿಲ್ ಕೋರ್ಟಿಗೆ ಹೋಗ್ಬೇಕು."

"ಅದು ಮುಗಿಯುವಾಗ ನನಗೆ ಹಲ್ಲು ಇರ್ತದಾ?"

"ನಾನು ಗಾಡಿ ಹುಡುಕ್ತೀನಿ," ಅಂದ್ರು ಯಶವಂತ್. ಬಸ್ಸು ಹತ್ತು ನಿಮಿಷದಲ್ಲಿ ಬರ್ತದೆ ಅಂದ ಹಾಗೆ ಅಂದ್ರು.

ಸಂಜೆ ಬಸ್‌ಸ್ಟಾಪಿನ ಹತ್ರ ಸ್ಥಳ ಪಂಚನಾಮೆ. ಮಳೆ ಎಲ್ಲ ತೊಳೆದಿತ್ತು. ಎದುರಿನ ಅಂಗಡಿಯ ಸಿಸಿಟಿವಿಯನ್ನು ಕಾನ್‌ಸ್ಟೇಬಲ್ ನಿತೇಶ್ ಎರಡು ಗಂಟೆ ಕೂತು ನೋಡಿದ. ಕ್ಯಾಮರಾದ ಎದುರೇ ಪಾರಿವಾಳ ಗೂಡು ಕಟ್ಟಿತ್ತು.

"ಏನು ಸಿಕ್ಕಿತು?"

"ಎರಡು ಮೊಟ್ಟೆ ಸಾಹೇಬ್. ಒಂದು ಒಡೆದು ಮರಿ ಬಂತು."

ಚಹಾ ಗಾಡಿಯ ಜಶೋದಾಬೆನ್ ಮಾತ್ರ ಕಣ್ಣಾರೆ ನೋಡಿದ್ದಳು. "ಬಿಳಿ ಸ್ಕೂಟರ್. ದೊಡ್ಡ ಹೆಲ್ಮೆಟ್ಟು, ರೇನ್‌ಕೋಟು, ಮುಖ ಕಾಣಲಿಲ್ಲ. ಹೊಡೆದ, ನಿಂತ, ಎರಡು ಕೈಯಲ್ಲಿ ತಲೆ ಹಿಡ್ಕೊಂಡ, ಹೋದ. ಹ್ಯಾಂಡಲಿನ ಮೇಲೆ ಚೀಲ ನೇತುಹಾಕಿದ ಗಾಳಿಪಟದ ಸರಳಿತ್ತು ಭಾಯ್. ಜುಲೈ ತಿಂಗಳಲ್ಲಿ!"

ಯಶವಂತ್ ಕಿವಿ ನೆಟ್ಟಗಾಯ್ತು. ಗುಜರಾತಿನಲ್ಲಿ ಜನವರಿಯ ಉತ್ತರಾಯಣಕ್ಕೆ ಊರಿಗೆ ಊರೇ ಗಾಳಿಪಟ ಹಾರಿಸ್ತದೆ. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ಸವಾರರ ಕುತ್ತಿಗೆ ಕೊಯ್ಯಬಾರದು ಅಂತ ಸ್ಕೂಟರಿನ ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ಕಮಾನಿನ ಹಾಗೆ ಸರಳು ಕಟ್ಟಿಸ್ತಾರೆ. ಹಬ್ಬ ಮುಗಿದ ವಾರದಲ್ಲಿ ಬಿಚ್ಚಿ ಗುಜರಿಗೆ ಹಾಕ್ತಾರೆ. ಜುಲೈಯಲ್ಲಿ ಅದನ್ನು ಹೊತ್ಕೊಂಡು ತಿರುಗುವವನು ಗುಜರಾತಿ ಆಗಿರ್ಲಿಕ್ಕಿಲ್ಲ.

ಮರುದಿನ ನಿತೇಶ್ ಗೋರ್ವಾ ಪೂರ್ತಿ ಜಾಲಾಡಿದ. ಸರಳಿರುವ ಗಾಡಿ ಒಂದೇ ಸಿಕ್ಕಿತು. ಅದು ಪೆಟ್ರೋಲಿನದು. ಸರಳಿನ ಮೇಲೆ ತೊಂಡೆ ಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು, ಮುದುಕರೊಬ್ಬರು ನೀರು ಹಾಕ್ತಿದ್ರು.

"ಗಾಡಿ ಮಂಗಳವಾರ ಓಡಿತ್ತಾ ಅಂತ ಕೇಳಿದ್ಯಾ?"

"ಕೇಳಿದೆ ಸಾಹೇಬ್. ಕಾಯಿ ಮುಗಿಯುವ ತನಕ ಓಡಿಸಲ್ಲ ಅಂದ್ರು."

ಗುರುವಾರ ಬೆಳಿಗ್ಗೆ ಯಶವಂತ್ ತಿಂಡಿಗೆ ಹೋದ್ರು. ಹೋಟೆಲಿನಲ್ಲಿ ದೋಸೆ ಇರಲಿಲ್ಲ. ಇಡ್ಲಿ ಬಂತು. ಪಕ್ಕದ ಕುರ್ಚಿ ಎಳೆದ್ರೆ ಅದರ ಬೆನ್ನ ಮೇಲೆ ಒದ್ದೆ ಬಟ್ಟೆ, ಕಾಫಿ ಸೋಸುವುದು. ಆಚೆ ಕುರ್ಚಿಯಲ್ಲಿ ಇನ್ನೊಂದು.

"ಅಲ್ಲಿ ಕೂರ್ಬೇಡ ಮಗ, ಅಂಗಿಗೆ ಕರೆ ಹಿಡೀತದೆ," ಅಂದ್ರು ಪದ್ಮನಾಭರ ಹೆಂಡತಿ ವಿಮಲಾ. "ಎರಡು ದಿನ ಆಯ್ತು, ಬಟ್ಟೆ ಒಣಗಿಸ್ಲಿಕ್ಕೆ ಜಾಗವೇ ಇಲ್ಲ."

"ಮೊದಲು ಎಲ್ಲಿ ಹಾಕ್ತಿದ್ರಿ ಆಂಟಿ?"

"ಹಿಂದೆ, ಸ್ಕೂಟರಿನ ಮೇಲೆ ಒಂದು ಕಂಬಿ ಇತ್ತಲ್ಲ. ಅಡಿಗೆ ಮನೆಯ ಅರ್ಧ ಸಂಸಾರ ಅದರ ಮೇಲೇ ನೇತಾಡ್ತಿತ್ತು. ಪಾರ್ಸೆಲ್ ಚೀಲವೂ ಅದಕ್ಕೇ. ಇವರು ತೆಗೆದ್ರು. ಯಾಕೆ ಅಂತ ಕೇಳಿದ್ರೆ ದೇವರಿಗೆ ಬೇಕಂತೆ."

ಯಶವಂತ್ ಬಾಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ನಿಧಾನ ತಲೆ ಎತ್ತಿದ್ರು. ಗಲ್ಲಾದ ಹಿಂದೆ ಕೃಷ್ಣನ ಪಟ. ಪಟದ ಸುತ್ತ ಹೊಸ ಪ್ರಭಾವಳಿ, ಅದಕ್ಕೆ ಮಲ್ಲಿಗೆ ಮಾಲೆ. ಪ್ರಭಾವಳಿ ಬಲಗಡೆ ಸ್ವಲ್ಪ ಒಳಗೆ ಬಾಗಿತ್ತು. ಎರಡು ತುದಿಯಲ್ಲೂ ಕನ್ನಡಿಗೆ ಸಿಕ್ಕಿಸುವ ತೂತು.

ಪದ್ಮನಾಭರು ಸಾಕ್ಷ್ಯ ನಾಶ ಮಾಡಬಹುದಿತ್ತು. ತಪತಿಯೋ ನರ್ಮದೆಯೋ ಹತ್ತಿರದಲ್ಲಿಲ್ಲದಿದ್ರೂ ಗುಜರಿಯವ ದಿನಕ್ಕೆರಡು ಸಲ ಬಾಗಿಲಿಗೇ ಬರ್ತಾನೆ. ಆದ್ರೆ ಗಟ್ಟಿ ಕಬ್ಬಿಣವನ್ನು ಬಿಸಾಡುವ ಪೈಕಿಯವರಲ್ಲ ಅವರು. ಕರಾವಳಿಯಿಂದ ಬಂದು ಹೋಟೆಲು ಕಟ್ಟಿದ ಮನುಷ್ಯ, ಕಾಯಿ ಚಿಪ್ಪಿಗೂ ಇನ್ನೊಂದು ಜನ್ಮ ಕೊಡ್ತಿದ್ರು.

ಯಶವಂತ್ ಕೈ ತೊಳ್ಕೊಂಡು ಗಲ್ಲಾಕ್ಕೆ ಹೋದ್ರು. "ಅಂಕಲ್, ದೇವರ ಕಮಾನು ಚೆನ್ನಾಗಿದೆ."

"ಹೂಂ."

"ಇದನ್ನು ನಾನು ತಗೊಂಡು ಹೋಗ್ಬೇಕು."

ಪದ್ಮನಾಭರು ಚಿಲ್ಲರೆ ಡಬ್ಬಿಯ ಮುಚ್ಚಳ ಹಾಕಿದ್ರು, ತೆಗೆದ್ರು, ಮತ್ತೆ ಹಾಕಿದ್ರು. "ಮಾಲೆ ಬಿಚ್ಚಿ ತಗೊಂಡು ಹೋಗು," ಅಂದ್ರು.

ಹತ್ತು ಗಂಟೆಗೆ ಇಬ್ಬರು ಪಂಚರ, ಅಂದ್ರೆ ಸಾಕ್ಷಿಗಳ ಎದುರು ಜಪ್ತಿ ಪಂಚನಾಮೆ. ವಿಮಲಾ ಹೇಳಿದ್ರು ಅಂತ ನಿತೇಶ್ ಬೂಟು ಬಿಚ್ಚಿ, ಕಾಲು ತೊಳೆದು ಸರಳು ಇಳಿಸಿದ. ಅದಕ್ಕೆ ಸೀಲು ಹಾಕುವಾಗ ಒಬ್ಬ ಪಂಚ ಅಭ್ಯಾಸಬಲದಿಂದ ಕೈಮುಗಿದ. ಹಿಂದಿನ ಓಣಿಯಲ್ಲಿ ಬಿಳಿ ಸ್ಕೂಟರ್. ಕನ್ನಡಿಗಳ ಬುಡದಲ್ಲಿ ಸರಳು ಕೂತಿದ್ದಷ್ಟು ಜಾಗ ಮಾತ್ರ ಹೊಳೀತಿತ್ತು.

ಅಷ್ಟರಲ್ಲಿ ಪದ್ಮನಾಭರಿಗೆ ಧೈರ್ಯ ಬಂದಿತ್ತು. "ನೋಡು ಯಶವಂತ, ಇದು ನಿಧಾನದ ಗಾಡಿ. ಮಾರಿದವನೇ ಹೇಳಿದ್ದಾನೆ. ಲೈಸೆನ್ಸ್ ಬೇಡ, ನಂಬರ್ ಬೇಡ. ಇದು ಗಾಡಿಯೇ ಅಲ್ಲ, ಆಟಿಕೆ."

"ಇಪ್ಪತ್ತೈದು ದಾಟದಿದ್ರೆ ಆಟಿಕೆ," ಅಂದ್ರು ಯಶವಂತ್. "ದಾಟಿದ್ರೆ ಗಾಡಿ. ಓಡಿಸಿ ನೋಡುವ."

ಆರ್‌ಟಿಓದ ಇನ್‌ಸ್ಪೆಕ್ಟರನ್ನು ಕರೆಸಿ, ಖಾಲಿ ರಸ್ತೆಯಲ್ಲಿ ನಿತೇಶನನ್ನು ಹತ್ತಿಸಿ ಅಳತೆ ಮಾಡಿದ್ರು. ನಲವತ್ತಾರು. ನಿತೇಶನ ಟೋಪಿ ಹಾರಿ ಹಿಂದೆ ಬರ್ತಿದ್ದ ಎಮ್ಮೆಯ ಕೊಂಬಿಗೆ ಸಿಕ್ಕಿತು. ಎಮ್ಮೆಯ ಪಕ್ಕದಲ್ಲಿ ಬೈಕಿನಲ್ಲಿ ಹೋಗ್ತಿದ್ದ ಇಬ್ಬರು ತಕ್ಷಣ ಹೆಲ್ಮೆಟ್ ಹಾಕ್ಕೊಂಡ್ರು.

ಶುಕ್ರವಾರ ಯಶವಂತ್ ಅಹಮದಾಬಾದಿಗೆ ಹೋಗಿ ಸ್ಕೂಟರ್ ಮಾರಿದವನ ಹೇಳಿಕೆ ತಗೊಂಡ್ರು.

"ಸ್ಪೀಡ್ ಲಾಕ್ ತೆಗೆದವರು ಯಾರು?"

"ನಾನೇ ಸಾಹೇಬ್. ಗಿರಾಕಿ ಕೇಳಿದ್ರು."

"ಯಾಕೆ ಅಂತ ಹೇಳಿದ್ರಾ?"

"ಸಾಂಬಾರು ತಣ್ಣಗಾಗ್ತದೆ ಅಂದ್ರು."

ಲಾಕ್ ತೆಗೆದ ಗಳಿಗೆಗೇ ಆಟಿಕೆ ಹೋಗಿ ಮೋಟಾರು ವಾಹನ ಆಯ್ತು. ಅಂದ ಮೇಲೆ ಅದಕ್ಕೆ ನಂಬರ್ ಬೇಕಿತ್ತು, ವಿಮೆ ಬೇಕಿತ್ತು, ಓಡಿಸುವವನಿಗೆ ಲೈಸೆನ್ಸ್ ಬೇಕಿತ್ತು. ಮೂರೂ ಇರಲಿಲ್ಲ. ಹಾಗಾಗಿ ಪರಿಹಾರ ಮಾಲೀಕನ ತಲೆ ಮೇಲೆ. ಲಾಕ್ ತೆಗೆದವನ ಮೇಲೂ ಕೇಸು. ಅನಂತರಾಮನಿಗೆ ಟ್ರಿಬ್ಯುನಲ್ಲಿನ ಬಾಗಿಲು ತೆರೀತು.

ಶನಿವಾರ ಮೂರು ಗಂಟೆಗೆ ಪದ್ಮನಾಭರನ್ನು ಬಂಧಿಸಿದ್ರು. ಜಾಮೀನು ಸಿಗುವ ಕಲಮುಗಳೇ. ಆದ್ರೂ ದಸ್ತಗಿರಿ ದಸ್ತಗಿರಿಯೇ. ದೂರುದಾರನ ಹೆಸರೂ ಆರೋಪಿಯ ಹೆಸರೂ ಒಂದೇ ಆದದ್ದಕ್ಕೆ ಸ್ಟೇಷನ್ನಿನ ಕಂಪ್ಯೂಟರ್ ಅರ್ಧ ಗಂಟೆ ಯೋಚಿಸಿ, ಕೊನೆಗೆ ತಾನೇ ಆಫ್ ಆಯ್ತು.

"ಹೊಡೆದ ಮೇಲೆ ಯಾಕೆ ಹೋದ್ರಿ?" ಯಶವಂತ್ ಕೇಳಿದ್ರು.

"ಹೆದರಿಕೆ. ಗಾಡಿ ಒಳಗಿಟ್ಟು, ರೇನ್‌ಕೋಟ್ ಬಿಚ್ಚಿ, ಓಡಿ ಬಂದೆ. ಐದು ನಿಮಿಷ ಇಲ್ಲ."

"ನಿಮಗೆ ಓಡಿಸ್ಲಿಕ್ಕೆ ಬರ್ತದಾ?"

"ಪಾರ್ಸೆಲ್ ಕೊಡುವವ ಓಡಿಸೋದು ನೋಡಿದ್ದೆ."

"ಪಾರ್ಸೆಲ್ ಚೀಲ ಸಮೇತ ಬೆಳಿಗ್ಗೆ ಏಳು ಗಂಟೆಗೆ ಎಲ್ಲಿಗೆ ಹೊರಟಿದ್ರಿ?"

ಪದ್ಮನಾಭರು ಪಂಚೆಯ ಅಂಚು ಸರಿಮಾಡಿದ್ರು. ಆಗ ಬಾಗಿಲಲ್ಲಿ ಅನಂತರಾಮ ಬಂದು ನಿಂತ. ಆಪರೇಷನ್ ಆಗಿ ಕೈ ಕುತ್ತಿಗೆಗೆ ಜೋತು ಬಿದ್ದಿತ್ತು. ಪರಿಹಾರದ ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿಸಲು ಅವನ ವಕೀಲರು ಸ್ಟೇಷನ್ನಿಗೇ ಕರೆಸಿದ್ರು. ಬೆಂಚಿನ ಮೇಲೆ ಕೂತು ಒತ್ತಿದ. ಎದುರುದಾರನ ಹೆಸರು ಓದಿ ಹೇಳಿದಾಗ ಮುಖದಲ್ಲಿ ಏನೂ ಕದಲಲಿಲ್ಲ.

"ನಿಮಗೆ ಆಶ್ಚರ್ಯ ಆಗ್ಲಿಲ್ವಾ?" ಅಂದ್ರು ಯಶವಂತ್.

"ಅವತ್ತೇ ಗೊತ್ತಿತ್ತು ಸಾರ್. ಬೀಳುವಾಗ ಸಾಂಬಾರಿನ ವಾಸನೆ ಬಂತು. ಹಿಂದಿನ ರಾತ್ರಿ ಕೊತ್ತಂಬರಿ ಹುರಿದವ ನಾನು. ನನ್ನ ಸಾಂಬಾರು ನನಗೆ ಗೊತ್ತಾಗದಾ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ಅವರೇ ಹೇಳ್ತಾರಾ ನೋಡುವ ಅಂತ. ಐದು ದಿನ ದಿನಕ್ಕೆರಡು ಸಲ ಆಸ್ಪತ್ರೆಗೆ ಗಂಜಿ ತಂದ್ರು. ಮಳೆಯ ವಿಷಯ ಮಾತಾಡಿದ್ರು, ಕಾಯಿ ರೇಟಿನ ವಿಷಯ ಮಾತಾಡಿದ್ರು."

ಪದ್ಮನಾಭರು ಅವನ ಕಡೆ ತಿರುಗಿದ್ರು. "ಚೀಲದಲ್ಲಿ ಇಡ್ಲಿ, ಸಾಂಬಾರು ಇತ್ತು. ನಿನಗೇ. ಖಾಲಿ ಹೊಟ್ಟೆಯಲ್ಲಿ ಹೊರಟಿದ್ದಿ. ಕೊಟ್ಟು, ಹೋಗ್ಬೇಡ ಅಂತ ಹೇಳ್ಲಿಕ್ಕೆ ಬಂದೆ. ಬಸ್ಸು ಬರುವುದು ಕಂಡಿತು. ಜೋರು ಬಿಟ್ಟೆ. ಹಾರನ್ ಎಲ್ಲಿ ಉಂಟು ಅಂತ ಗೊತ್ತಾಗ್ಲಿಲ್ಲ."

ಯಶವಂತ್ ಬರೆಯುವುದನ್ನು ನಿಲ್ಲಿಸಿದ್ರು. ಉದ್ದೇಶ ಅನ್ನುವ ಕಡೆ ಇದನ್ನು ಗುಜರಾತಿಯಲ್ಲಿ ಹೇಗೆ ಬರೆಯುವುದು ಅಂತ ಅವರಿಗೆ ಹೊಳೆಯಲಿಲ್ಲ. ಕೊನೆಗೆ "ತಡೆಯಲು" ಅಂತ ಬರೆದ್ರು.

"ಕೇಸು ನಾನು ಬಿಡುವುದಿಲ್ಲ," ಅಂದ ಅನಂತರಾಮ.

"ಬಿಡ್ಬೇಡ. ನಾನು ಹೇಳಿದ್ನಾ?"

"ಹಿಟ್ಟು ಯಾರು ರುಬ್ಬುತ್ತಿದ್ದಾರೆ?"

"ವಿಮಲಾ. ಹುಳಿಯೇ ಬರ್ತಿಲ್ಲ. ಅಕ್ಕಿ ಯಾವಾಗ ನೆನೆಹಾಕುವುದು ಅಂತ ನೀನು ಯಾರಿಗೂ ಹೇಳ್ಲೇ ಇಲ್ಲವಲ್ಲ."

ಅನಂತರಾಮ ಗೋಡೆ ಗಡಿಯಾರ ನೋಡಿದ. ನಾಲ್ಕಕ್ಕೆ ಹತ್ತು ನಿಮಿಷ. ಮಂಡಿ ಮೇಲೆ ಎಡಗೈ ಊರಿ ಎದ್ದ. ಚೀಲ ಹೆಗಲಿಗೇರಿಸಿದ. ಸೌಟಿನ ಹಿಡಿ ಹೊರಗೆ ಇಣುಕಿತು.

"ಕೂತ್ಕೊ ಮಾರಾಯ, ನಾನು ಪೂರ್ತಿ ಹೇಳ್ತೇನೆ," ಅಂದ್ರು ಪದ್ಮನಾಭರು. "ಆ ನಿಲ್ಲಿಸುವ ದೋಸೆಯ ವಿಷಯ ಇನ್ನು ಎತ್ತುವುದಿಲ್ಲ. ಅದು ನನ್ನ ತಲೆಗೆ ಹೊಕ್ಕದ್ದಾದ್ರೂ ಹೇಗೆ ಅಂದ್ರೆ, ಆಚೆ ಬೀದಿಯ ಹೋಟೆಲಿನವ ಒಂದು ದಿನ ಬಂದು, ಅಲ್ಲ, ಮೊದಲು ಅವನ ಮಾವ ಬಂದದ್ದು, ಆ ಮಾವ ಎಂತ ಹೇಳಿದ ಅಂದ್ರೆ,"

ಅನಂತರಾಮ ಆಗಲೇ ಮೆಟ್ಟಿಲಿಳಿದು, ಬಸ್‌ಸ್ಟಾಪಿಗೆ ಬೆನ್ನು ಹಾಕಿ, ಹೋಟೆಲಿನ ಕಡೆ ತಿರುಗಿದ್ದ.