ಮುಚ್ಚಳರಾಯ ಮತ್ತು ಕರಿ ತಟ್ಟೆಯ ಕಹಳೆ

ಈ ಕತೆಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಚಂಪಕತ್ತೆ, ಹಪ್ಪಳ ಒತ್ತುತ್ತಾ. ಹಿಟ್ಟು ಕದ್ದವರಿಗೆ ನಡುನಡುವೆ ಬಿದ್ದ ಏಟುಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಬಹುಕಾಲದ ಹಿಂದೆ, ಕಡಲ ದಂಡೆಯ ಒಂದು ರಾಜ್ಯದಲ್ಲಿ ಮುಚ್ಚಳರಾಯನೆಂಬ ಮಾಂತ್ರಿಕನಿದ್ದ. ಯಾರಾದರೂ ಹಾಡುವಾಗ ಇಲ್ಲವೇ ನುಡಿಸುವಾಗ ಮುಂದಿನ ಸಾಲನ್ನು ಅವನು ಮೊದಲೇ ಗುನುಗಿಬಿಟ್ಟರೆ ಮುಗಿಯಿತು. ಹಾಡು, ಹಾಡಿದವರ ದನಿಯ ಸಮೇತ, ಅವನ ಗಡಿಗೆಯೊಳಗೆ. ಮೇಲೊಂದು ಮುಚ್ಚಳ. ರಾಜ್ಯದ ಹಾಡುಗಳೆಲ್ಲ ಅವನಿಗೆ ಬಾಯಿಪಾಠ. ಮದುವೆಗಳೂ ಸದ್ದಿಲ್ಲದೆ ನಡೆಯುತ್ತಿದ್ದವು.

ಕುಂಬಾರರ ಕೆಂಚವ್ವನ ಅಣ್ಣ ಬೊಮ್ಮಣ್ಣ ಕಹಳೆ ಊದುವುದರಲ್ಲಿ ಹೆಸರಾದವನು. ಅವನ ದನಿಯೂ ಗಡಿಗೆ ಸೇರಿತು. ಅಂದಿನಿಂದ ಅವನು ಗೋಡೆ ನೋಡುತ್ತಾ ಕೂತ.

ಒಂದು ದಿನ ಅಲೆಗಳು ಕೆಂಚವ್ವನ ಕಾಲ ಬಳಿ ಒಂದು ಕರಿ ತಟ್ಟೆಯನ್ನು ತಂದು ಹಾಕಿದವು. ಮೈತುಂಬ ಸಣ್ಣ ಗೆರೆ. ಕುಂಬಾರರ ಮಗಳು ಇನ್ನೇನು ಮಾಡಿಯಾಳು? ತಿಗರಿಯ ಮೇಲಿಟ್ಟು ತಿರುಗಿಸಿದಳು, ಜಾಲಿಮುಳ್ಳಿನಿಂದ ಗೆರೆ ಮುಟ್ಟಿದಳು. ತಟ್ಟೆ ಹಾಡತೊಡಗಿತು.

ಮೊದಲ ದಿನ ಯಾರೋ ಜಗಳವಾಡಿದಂತಿತ್ತು. ಎರಡನೆಯ ದಿನ ಜಗಳದ ಅಡಿಯಲ್ಲಿ ಮದ್ದಳೆಯಂಥದ್ದೇನೋ ಎದೆಯ ಹಾಗೆ ಬಡಿಯುವುದು ಕೇಳಿತು. ಮೂರನೆಯ ದಿನ ಒಂದು ಕಹಳೆ ಬಾಗಿಲು ಬಾಗಿಲಿಗೂ ಹೋಗಿ ಯಾರನ್ನೋ ಕರೆಯಿತು. ಒಲೆಯ ಮೇಲಿನ ಅನ್ನ ಸೀದುಹೋಯಿತು. ಗೋಡೆ ನೋಡುತ್ತಿದ್ದ ಬೊಮ್ಮಣ್ಣನ ಬೆರಳು ನೆಲ ತಟ್ಟತೊಡಗಿತು.

"ಇದು ಕಡಲಾಚೆಯ ಜಾಝ್, ಮಗಳೇ. ದೇವರನ್ನು ಹುಡುಕ್ತಾ ನುಡಿಸಿದ್ದು" ಎಂದ, ಸದ್ದು ಕೇಳಿ ಬಾಗಿಲಿಗೆ ಬಂದ ಒಬ್ಬ ಮುದಿ ನಾವಿಕ.

"ಸಿಕ್ಕನಾ?"

"ಸಿಕ್ಕಿದ್ರೆ ಇಷ್ಟುದ್ದ ಯಾಕೆ ನುಡಿಸ್ತಿದ್ರು?"

ಕೆಂಚವ್ವ ಅಣ್ಣನ ಕಹಳೆಯಲ್ಲಿ ತಟ್ಟೆಯ ಹಾಡನ್ನು ಪೂರ್ತಿ ಕಲಿತು, ಒಂದು ಕೈಯಲ್ಲಿ ಕಹಳೆ, ಇನ್ನೊಂದು ಕೈಯಲ್ಲಿ ಅಣ್ಣನನ್ನು ಹಿಡಿದು ಮುಚ್ಚಳರಾಯನ ಕೋಟೆಗೆ ನಡೆದಳು.

ಮೊದಲ ಬಾಗಿಲಲ್ಲಿ ಎಲ್ಲ ಹಾಡೂ ಬಲ್ಲ ಗಿಣಿ. ಅವಳು ಊದಿದಳು, ಗಿಣಿ ಕೊಕ್ಕು ತೆರೆಯಿತು, ಮುಚ್ಚಲು ಮರೆಯಿತು. ಎರಡನೆಯ ಬಾಗಿಲಲ್ಲಿ ತಾಳಕ್ಕೆ ತೂಗಿ ಕಚ್ಚುವ ಹಾವು. ಊದಿದಳು; ಹಾವು ಅತ್ತ ತೂಗಿ, ಇತ್ತ ತೂಗಿ, ತನಗೆ ತಾನೇ ಗಂಟುಬಿತ್ತು. ಮೂರನೆಯ ಬಾಗಿಲಲ್ಲಿ ಖುದ್ದು ಮುಚ್ಚಳರಾಯ. ಊದಿದಳು; ಮುಂದಿನದನ್ನು ಅವನು ಮೊದಲೇ ಗುನುಗಿದ!

"ನಿಮ್ಮನೆ ಕಿಟಕಿ ಅಗಲ ಕಣೇ. ನಾನೂ ದಿನಾ ಕೇಳ್ತಿದ್ದೆ."

ಅವನು ಗಡಿಗೆಯ ಮುಚ್ಚಳ ಎತ್ತುವಷ್ಟರಲ್ಲಿ ಕೆಂಚವ್ವ ಊದುವುದನ್ನು ನಿಲ್ಲಿಸಿದಳು. ಆಗ ಅವಳಿಗೆ ಹೊಳೆಯಿತು: ಆ ತಟ್ಟೆಯ ಜನ ಯಾರದನ್ನೂ ಬಾಯಿಪಾಠ ಮಾಡಿ ನುಡಿಸಿದವರಲ್ಲ. ಅವಳು ತಟ್ಟೆಯ ಹಾಡನ್ನು ಬಿಟ್ಟಳು. ಗಡಿಗೆ ತಟ್ಟುವ ಹಲಗೆಯ ಸದ್ದಿನಿಂದ ಶುರುಮಾಡಿದಳು. ಅದಕ್ಕೆ ಅಲೆ ಸೇರಿತು, ಅಣ್ಣನ ಮೌನ ಸೇರಿತು.

"ಮುಂದೇನು?" ಎಂದ ಮುಚ್ಚಳರಾಯ.

"ನನಗೂ ಗೊತ್ತಿಲ್ಲ ರಾಯರೇ. ಕೇಳ್ತಾ ಬನ್ನಿ."

ಅವನು ಗುನುಗಿದ. ತಪ್ಪು. ಮಾಟ ತಿರುಗಿಬಿದ್ದು, ಅವನ ಹಿಂದಿದ್ದ ಗಡಿಗೆಗಳ ಒಂದು ಸಾಲು ಒಡೆಯಿತು. ಮತ್ತೆ ಗುನುಗಿದ, ಮತ್ತೊಂದು ಸಾಲು. ಮೂರನೆಯ ತಪ್ಪಿಗೆ ಕೊನೆಯ ಗಡಿಗೆಯೂ ಒಡೆದು, ಮಾಟವೆಲ್ಲ ಅದರ ಜೊತೆಗೇ ಹೋಯಿತು. ಅವಳ ಬೆನ್ನ ಹಿಂದಿನಿಂದ ಗದರಿಕೆ ಕೇಳಿತು:

"ಉಸಿರು ತಪ್ಪು! ನಿಂತಿರೋ ರೀತೀನೂ ತಪ್ಪು!" ಬೊಮ್ಮಣ್ಣ! ಆಮೇಲೆ ಕೋಟೆಗೆ ಕೋಟೆಯೇ ಕೇಳುವಂತೆ ಕೂಗಿದ: "ಆದ್ರೆ ನೋಡ್ರೋ, ನುಡಿಸ್ತಿರೋಳು ನನ್ನ ತಂಗಿ!"

ದನಿಗಳು ಮನೆ ಸೇರಿದವು. ಮದುವೆಗಳಲ್ಲಿ ಮತ್ತೆ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ಮುಚ್ಚಳರಾಯ ಕುಂಬಾರರ ಮನೆಯಲ್ಲಿ ತಿಗರಿ ತಿರುಗಿಸುತ್ತಾ, ತಟ್ಟೆ ಕೇಳುತ್ತಾ, ಎಲ್ಲರಂತೆ ಸುಖವಾಗಿದ್ದ.

ಇನ್ನು ನಿಮ್ಮ ಸರದಿ. ಯಾರಿಗಾದರೂ ಹೇಳಿ. ನಾನು ಹೇಳಿದ ಹಾಗೇ ಮಾತ್ರ ಹೇಳಬೇಡಿ.