ಬೆನ್ನ ಮೇಲಿನ ಕೈ

ಹೇಳಿದರೆ ಟೀಚರ್ ಮುಖ ಬಾಡುತ್ತದೆ. ಹೇಳದಿದ್ದರೆ ಅವಳ ಕೆಲಸಕ್ಕೇ ಕುತ್ತು. ಫಿಟ್‌ನೆಸ್ ಕ್ಲಾಸ್ ಮುಗಿದು ಎಲ್ಲರೂ ಹೊರಟರೂ ಅವನು ಚಾಪೆಯನ್ನು ಸುತ್ತುತ್ತ, ಮತ್ತೆ ಬಿಚ್ಚುತ್ತ ಕೂತಿದ್ದ.

ಬಗ್ಗಿ ಕಾಲ್ಬೆರಳು ಮುಟ್ಟುವಾಗ ಟೀಚರ್ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಬೆನ್ನ ಮೇಲೂ ಕೈಯೂರಿ ಒತ್ತುತ್ತಿದ್ದಳು. ಮೊನ್ನೆ ಹಾಗೆ ಒತ್ತಿದಾಗ ಅದೇ ಕ್ಲಾಸಿಗೆ ಬರುವ ಅವನ ದೊಡ್ಡಮ್ಮನ ಸೊಂಟ ಹಿಡಿದುಕೊಂಡಿತ್ತು. ಮ್ಯಾನೇಜರ್‌ಗೆ ದೂರು ಕೊಡಲು ಹೊರಟವಳನ್ನು ಅವನೇ ತಡೆದಿದ್ದ. ಹಿಂದಿನ ಟೀಚರ್ ಒಂದೇ ದೂರಿಗೆ ಕೆಲಸ ಕಳೆದುಕೊಂಡಿದ್ದರು.

"ಸರಿ, ನೀನೇ ಹೇಳು. ನನ್ನ ಹೆಸರು ಎತ್ತಿದ್ರೆ ನೋಡು. ಮುದುಕಿಗೆ ಯಾಕೆ ಬೇಕಿತ್ತು ಈ ಕುಣಿತ ಅಂತಾರೆ," ಎಂದು ದೊಡ್ಡಮ್ಮ ಆಣೆ ಮಾಡಿಸಿಕೊಂಡಿದ್ದಳು.

ಆ ಕೈ ಅವನ ಬೆನ್ನಿಗೂ ಬರುತ್ತಿತ್ತು. ಬಂದಾಗ ಅವನಿಗೆ ಉಸಿರಾಡುವುದೇ ಮರೆತುಹೋಗುತ್ತಿತ್ತು. "ಉಸಿರು ಬಿಡಿ, ಕನ್ನಡಕದವರೇ," ಎಂದು ಅವಳು ಮೆಲ್ಲಗೆ ಕೆಣಕುತ್ತಿದ್ದಳು. ಕನ್ನಡಕದ ಅಂಗಡಿ ಇಟ್ಟಿದ್ದ ಅವನಿಗೆ ಅವಳಿಟ್ಟ ಹೆಸರು ಅದು. ವಾರವಿಡೀ ಅವನು ಕಾಯುತ್ತಿದ್ದುದು ಅಷ್ಟಕ್ಕೇ.

ಹಾಲ್ ಖಾಲಿಯಾಯಿತು. ಸ್ಪೀಕರ್‌ನ ವೈರ್ ಸುತ್ತುತ್ತ ಅವಳು ಓರೆಗಣ್ಣಲ್ಲಿ ನೋಡಿದಳು.

"ಏನು, ಇವತ್ತು ಚಾಪೆ ಜೊತೆ ಜಗಳಾನಾ?"

ಅವನು ಮೊದಲು ಹೊಗಳಿದ. ದಿನವಿಡೀ ನಿಂತು ಬರುತ್ತಿದ್ದ ಕಾಲುನೋವು ಅವಳ ಕ್ಲಾಸಿನಿಂದಲೇ ಹೋಯಿತೆಂದ. ಅವಳ ನಗು ಸಣ್ಣದಾಯಿತು.

"ಇಷ್ಟು ಬೆಣ್ಣೆ ಹಚ್ತಿದೀರಾ ಅಂದ್ರೆ ಹಿಂದೆ ಏನೋ ಇದೆ. ಹೇಳ್ಬಿಡಿ."

"ಬೇಜಾರು ಮಾಡ್ಕೋಬೇಡಿ ಮೇಡಂ. ಬೆನ್ನು ಒತ್ತೋ ಮುಂಚೆ ಒಂದು ಮಾತು ಕೇಳಿದ್ರೆ ಒಳ್ಳೇದು. ನಾನೂ ಕನ್ನಡಕ ಕೂರಿಸೋವಾಗ ಗಿರಾಕಿಗಳ ಕಿವಿ ಮುಟ್ಟೋ ಮುಂಚೆ ಕೇಳ್ತೀನಿ. ನೋವಿರೋರು ಎಷ್ಟೋ ಸಲ ಬಾಯಿಬಿಡಲ್ಲ."

ವೈರ್ ಅವಳ ಕೈಯಲ್ಲೇ ನಿಂತಿತು. "ಯಾರಿಗೆ ನೋವಾಯ್ತು?"

ಬಾಗಿಲಾಚೆ ದೊಡ್ಡಮ್ಮ ಚಪ್ಪಲಿ ಹುಡುಕುವ ನೆಪದಲ್ಲಿ ಕಿವಿ ನಿಮಿರಿಸಿಕೊಂಡಿದ್ದಳು.

"ನನಗೇ," ಎಂದ.

ಟೀಚರ್ ಕಣ್ಣು ಅವನ ಮುಖದ ಮೇಲೆ ತುಸು ಹೊತ್ತು ನಿಂತು ಕೆಳಗಿಳಿಯಿತು.

"ಅದಕ್ಕೇ ಉಸಿರು ಹಿಡೀತಿದ್ರಾ? ನಾನು ಬೇರೆ ಏನೋ ಅಂದ್ಕೊಂಡು..." ಅವಳು ಮಾತನ್ನು ಅಲ್ಲೇ ಬಿಟ್ಟಳು. "ಕ್ಷಮಿಸಿ. ಹೇಳಿದ್ದು ಒಳ್ಳೇದಾಯ್ತು."

ಮುಂದಿನ ಕ್ಲಾಸಿನಿಂದ ಅವಳು ಎಲ್ಲರನ್ನೂ ಕೇಳಿಯೇ ಕೈಯಿಟ್ಟಳು. ದೊಡ್ಡಮ್ಮ ಮಹಾರಾಣಿಯ ಠೀವಿಯಲ್ಲಿ ಬೇಡವೆಂದಳು. ದೂರಿನ ಮಾತು ಅಲ್ಲಿಗೆ ಮುಗಿಯಿತು. ಅವನ ಬಳಿ ಮಾತ್ರ ಟೀಚರ್ ಕೇಳಲೂ ಇಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ಬರುತ್ತಿದ್ದಳು. ಬಗ್ಗಿದ್ದ ಅವನಿಗೆ ಅವಳ ಪಾದಗಳು ಅರೆಗಳಿಗೆ ತಡೆದು, ಮುಂದೆ ಸಾಗುವುದಷ್ಟೇ ಕಾಣುತ್ತಿತ್ತು.

ಆ ನೋವು ತನ್ನದಾಗಿರಲಿಲ್ಲವೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.