ಊರೆಲ್ಲ ಓದಿದ ಪ್ರಕಟಣೆ

ಆ ಬೆಳಿಗ್ಗೆ ಕ್ಯಾತನಹಳ್ಳಿಯ ಕಬ್ಬಿನ ಬಯಲಿನ ಮೇಲೆ ಮಂಜು ಏಳದೆ ಕೂತಿತ್ತು. ಕಡೇ ಕಾರ್ತಿಕ ಸೋಮವಾರದ ಮಾರನೆಯ ದಿನ. ಅರ್ಚಕ ನಂಜುಂಡಯ್ಯನವರು ಈಶ್ವರನ ಗುಡಿ ತೆಗೆದು ನೋಡುತ್ತಾರೆ — ತೀರ್ಥದ ಬೆಳ್ಳಿ ಬಟ್ಟಲಿಲ್ಲ! ಹೊಸ್ತಿಲ ಪಕ್ಕ ಯಾರದೋ ಸ್ಟೀಲು ಬಟ್ಟಲೊಂದು ಉಳಿದಿತ್ತು.

“ತಮಟೆ ಸಾರ್ಸೋದ್ಯಾಕೆ? ಪೇಪರ್ ಅದೆಯಲ್ಲ” ಎಂದ ಧರ್ಮದರ್ಶಿ ಕೆಂಪಣ್ಣ. ಪಾಂಡವಪುರದಿಂದ ವಾರಪತ್ರಿಕೆ ಹೊರಡಿಸುವ ಮಂಜುನಾಥ ‘ಬಟ್ಟಲು ಸಿಕ್ಕಿದವರು ತಂದುಕೊಡಿ’ ಎಂದು ಮುಖಪುಟದಲ್ಲೇ ಪ್ರಕಟಣೆ ಹಾಕಿದ. ಎರಡು ವಾರವಾದರೂ ಬಟ್ಟಲು ಬರಲಿಲ್ಲ.

“ಊರೆಲ್ಲ ಓದ್ಯದೆ. ಬೇರೆ ಯಾರತ್ರ ಇದ್ರೂ ತಂದ್ಕೊಡ್ತಿರ್ಲಿಲ್ವಾ ಅಯ್ನೋರೆ?” ಎಂದ ಕೆಂಪಣ್ಣ ಗುಡಿಯ ಬೀಗದ ಕೈ ಇಸಿದುಕೊಂಡ.

ತಲೆತಲಾಂತರದ ಪೂಜೆ ಕೈ ತಪ್ಪಿತು. ನಂಜುಂಡಯ್ಯನವರಿಗೆ ಏನೂ ತಿಳಿಯದಾಯಿತು. ನಾನೇ ಎಲ್ಲೋ ಇಟ್ಟು ಮರೆತೆನೆ? ಶಿವನೇ, ನನ್ನ ಕೈಯನ್ನೇ ನಾನು ನಂಬಬಾರದೆ?

ಸುದ್ದಿ ಕೇಳಿ ಚಿನಕುರಳಿಯಿಂದ ನಿವೃತ್ತ ಪೊಲೀಸ್ ದಫೇದಾರ ಚಲುವಯ್ಯ ಬಂದರು. ಎಲ್ಲರನ್ನೂ ಗುಡಿಯ ಜಗಲಿಗೆ ಕರೆದರು.

“ನಿನ್ ಪೇಪರ್ನ ಇಲ್ಲಿ ಎಷ್ಟ್ ಜನ ಓದ್ತಾರೆ ಮಂಜುನಾಥ?”

“ನೂರು ಪ್ರತಿ ಬತ್ತವೆ. ಒಂದೂ ವಾಪಸ್ ಬರಲ್ಲ. ಮನೆಗೆ ಐದು ಜನ ಅಂದ್ರೂ—”

“ಕೊಳ್ಳೋರ್ನ ಕೇಳ್ಲಿಲ್ಲ ಕಣ್ಲಾ. ಓದೋರ್ನ ಕೇಳ್ದೆ. ಕೆಂಪಣ್ಣ, ನೀನು ಓದಿದ್ಯಾ?”

“ನಾನಾ? ಹುಳದ ತಟ್ಟೆಗೆ ಹಾಸೋಕೆ ತತ್ತೀನಿ. ಕಂಡೋರು ಮುಟ್ಟಿದ ಕಾಗ್ದ ಹಾಸಿದ್ರೆ ರೇಷ್ಮೆ ಹುಳಕ್ಕೆ ರೋಗ ಅಂತ ಮಡಿಕೆ ಬಿಚ್ಚದ ಪೇಪರೇ ಬೇಕು ನಮ್ಮವ್ವಂಗೆ. ಮಿಕ್ಕೋರು ಓದ್ತಾರಲ್ಲ.”

“ಮಿಕ್ಕೋರ್ ಮನೆಗೆಲ್ಲ ಹೋಗ್ಬಂದೆ. ಎಲ್ರೂ ಹುಳದ ತಟ್ಟೆಗೇ ಹಾಸವ್ರೆ. ಎಲ್ರೂ ಅದೇ ಮಾತಂದ್ರು — ಮಿಕ್ಕೋರು ಓದ್ತಾರಲ್ಲ!”

ಮಂಜುನಾಥ ಜಗಲಿಯಿಂದ ಎದ್ದು ನಿಂತ. “ಅಂಗಾದ್ರೆ ನನ್ ಓದುಗರು...”

“ಹುಳ.”

ನಂಜುಂಡಯ್ಯನವರು ಕಣ್ಣು ಮಿಟುಕಿಸಿದರು. “ಆದರೆ ಬಟ್ಟಲು ಎಲ್ಲಿ ಹೋಯ್ತಪ್ಪಾ?”

ಚಲುವಯ್ಯ ಸ್ಟೀಲು ಬಟ್ಟಲನ್ನು ಬೋರಲು ಹಾಕಿ ಅಂಚನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು. “ಸುಣ್ಣ. ರೋಗ ತಟ್ಟದಂಗೆ ಹುಳದ ಮನೇಲಿ ಚೆಲ್ಲೋದು. ಬೆಳ್ಳಿದು ಹೋಯ್ತು ಅಂತ ಎಲ್ರೂ ಅತ್ಕಂಡ್ರಿ. ಇದ್ರ ಒಡೆಯರು ಯಾಕೆ ಹುಡ್ಕಂಡು ಬರ್ಲಿಲ್ಲ ಅಂತ ಯಾರೂ ಕೇಳ್ಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ಹೊರಗೆ ಬರ್ದೆ, ಮಗನ್ನೂ ಒಳಗೆ ಬುಡ್ದೆ ಇರೋರು ಯಾರು ಕೆಂಪಣ್ಣ?”

“ನಮ್ಮವ್ವ” ಎಂದ ಕೆಂಪಣ್ಣ. ದನಿ ಇಳಿದಿತ್ತು.

“ಸೋಮವಾರ, ಹುಳ ಸಾಕೋಕೆ ಕೂರೋ ಮುಂಚೆ ತೀರ್ಥಕ್ಕೆ ಬಂದವ್ಳೆ. ನೂಕುನುಗ್ಗಲು, ಮುದುಕಿ ಕಣ್ಣು ಮಂಜು, ಎರಡು ಬಟ್ಟಲ ಮೇಲೂ ಬಾಳೆಲೆ. ತಂದು ಅಂತ ಬೆಳ್ಳಿದು ಎತ್ಕಂಡು ಹೋಗವ್ಳೆ. ಕಳ್ಳರು ಯಾರೂ ಇಲ್ಲ ಕಣಪ್ಪ. ತಪ್ಪು ಮಾಡಿದ್ದು ‘ಊರೆಲ್ಲ ಓದ್ಯದೆ’ ಅಂದ ಆ ಮಾತು.”

ಎಲ್ಲರೂ ಕೆಂಪಣ್ಣನ ತೋಟಕ್ಕೆ ಹೋದರು. ಹುಳದ ಮನೆಯ ಬಾಗಿಲು ಒಂದು ಗೇಣು ತೆರೆಯಿತು. “ನಮ್ ಬಟ್ಟಲು ಇಷ್ಟ್ ಭಾರ ಇರ್ಲಿಲ್ಲ ಅಂದ್ಕಂಡೆ ಕಣಪ್ಪ” ಎಂದು ಅವನ ತಾಯಿ ಬೆಟ್ಟಮ್ಮ ಬೆಳ್ಳಿ ಬಟ್ಟಲನ್ನು ಚಾಚಿದಳು. “ಬಾಗ್ಲು ಮುಟ್ಬೇಡ ಮಗ, ದೂರ ನಿಂತ್ಕೊ.”

ನಂಜುಂಡಯ್ಯನವರು ಬಟ್ಟಲನ್ನು ಕಣ್ಣಿಗೊತ್ತಿಕೊಂಡರು. ಕೆಂಪಣ್ಣ ಸೊಂಟದ ಉಡುದಾರದಿಂದ ಬೀಗದ ಕೈ ಬಿಚ್ಚಿ, ತಲೆ ತಗ್ಗಿಸಿ, ಅವರ ಅಂಗೈಯಲ್ಲಿಟ್ಟ.